ಫ್ರೇಮಾಳ ತಾಯಿ ಕಾದದ್ದು

ಫ್ರೇಮಾಳ ತಾಯಿ ತೀರಿಕೊಂಡ ಸುದ್ದಿ ಅವಳಿಗಿಂತ ಮೊದಲು ನನಗೆ ಬಂತು. ನಮ್ಮವರಲ್ಲಿ ಇಂಥ ಸುದ್ದಿಯನ್ನು ಮಗಳಿಗೆ ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಕೇಳಿದವಳು ಬಿದ್ದರೆ ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರು ಬೇಕು. ಬಾಸ್ಟನ್ನಿನ ಹತ್ತಿರದ ಈ ಇಡೀ ವುಸ್ಟರ್ ಊರಿನಲ್ಲಿ ಆ ಕೆಲಸಕ್ಕೆ ನನ್ನನ್ನೇ ಆರಿಸಿದ್ದರು. ದೇಶದಲ್ಲಿನ ನಮ್ಮೂರು ಮಾಂಪಾಂಗ್‌ನಿಂದ ಅವಳ ಸೋದರಮಾವ ದ್ವೊಮೊ ಫೋನ್ ಮಾಡಿದಾಗ ನಾನು ಯಾರದೋ ಮದುವೆಗೆಂದು ದೊಡ್ಡ ಹಂಡೆಯಲ್ಲಿ ಅಕ್ಕಿ, ಅಲಸಂದೆ ಬೇಯಿಸುತ್ತಿದ್ದೆ.

"ಕೊನಾಡು, ಒಲೆ ಆರ್ಸು," ಅಂದರು. "ಆರ್ಸಿ ಕೂತ್ಕೊಳವ್ವ."

ಅಷ್ಟು ಕೇಳಿದ್ದೇ ನನಗೆ ಅರ್ಥವಾಯಿತು. ಫ್ರೇಮಾಳ ತಾಯಿ ಆಫ್ರಿಯೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಬೆಳಿಗ್ಗೆ ಸಂತೆಯಲ್ಲಿ ತನ್ನ ಬಟ್ಟೆ ಅಂಗಡಿಯ ಬಾಗಿಲು ತೆಗೆದವಳು ಅಲ್ಲೇ ಕುಸಿದು ಕೂತಳಂತೆ, ಮತ್ತೆ ಏಳಲಿಲ್ಲವಂತೆ. ನಾನು ಒಲೆ ಆರಿಸಿ ಅತ್ತೆ, ಮುಖ ತೊಳೆದೆ, ಮತ್ತೆ ಒಲೆ ಹಚ್ಚಿದೆ. ಮದುವೆಯವರು ಊಟಕ್ಕೆ ಕಾಯುತ್ತಿದ್ದರು.

ಫ್ರೇಮಾ ನಮ್ಮ ಮನೆಯ ಮೂರನೆಯ ಮಹಡಿಯಲ್ಲಿರುತ್ತಾಳೆ. ಇಲ್ಲಿಯೇ ಆರೋಗ್ಯ ದಾಖಲೆಗಳ ನಿರ್ವಹಣೆ ಓದಿ, ಮೂತ್ರಪಿಂಡದ ರೋಗಿಗಳ ಒಂದು ಚಿಕಿತ್ಸಾಲಯದಲ್ಲಿ ಕೆಲಸಕ್ಕಿದ್ದಾಳೆ. ಯಾವ ರೋಗಿ ಯಾವಾಗ ಬಂದ, ಯಾರು ಬರುವುದು ನಿಲ್ಲಿಸಿದರು, ಏಕೆ, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುವ ಕೆಲಸ. ಸಂಜೆ ಮೆಟ್ಟಿಲು ಹತ್ತಿ ಬರುವಾಗ ಅಡಿಗೆಯ ವಾಸನೆಗೆ ನನ್ನ ಬಾಗಿಲು ಮೂಸದೆ ಮೇಲೆ ಹೋಗುವವಳಲ್ಲ. ಆ ದಿನವೂ ಮೂಸಿಕೊಂಡೇ ಒಳಗೆ ಬಂದಳು. ನಾನು ಒಂದು ಲೋಟ ನೀರು ಹಿಡಿದು ನಿಂತಿದ್ದೆ. ಲೋಟ ನೋಡಿದಳು, ನನ್ನ ಮುಖ ನೋಡಿದಳು.

"ಯಾರು ಆಂಟಿ?" ಅಂದಳು.

"ಮೊದ್ಲು ನೀರು ಕುಡಿ."

"ಅಜ್ಜೀನಾ?"

"ಕುಡಿ ಅಂದ್ನಲ್ಲ."

"ಅಜ್ಜಿ ಅಂತ ಹೇಳಿ ಆಂಟಿ," ಅಂದಳು. "ದಯವಿಟ್ಟು ಅಜ್ಜಿ ಅಂತ ಹೇಳಿ."

ನನಗೆ ಹಾಗೆ ಹೇಳಲಾಗಲಿಲ್ಲ.

ಅತ್ತದ್ದು, ಬಿದ್ದದ್ದು ಎಲ್ಲ ಆಯಿತು. ಆಮೇಲೆ ಎದ್ದು ಮೇಲೆ ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು. ನಾನೂ ಏದುಸಿರು ಬಿಡುತ್ತ ಹಿಂದೆಯೇ ಹತ್ತಿ ಹೋಗಿ ಆ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ನನ್ನ ತೂಕಕ್ಕೆ ಆವತ್ತು ಒಂದು ಉಪಯೋಗ ಸಿಕ್ಕಿತು. ಏಕೆಂದರೆ ಅವಳು ಹೋಗುವ ಹಾಗಿರಲಿಲ್ಲ.

ಓದು ಮುಗಿಸಿದ ಪರದೇಶದ ಮಕ್ಕಳಿಗೆ ಇಲ್ಲಿ ಒಂದು ವರ್ಷ ಕೆಲಸ ಮಾಡಲು ಒಂದು ಕಾರ್ಡು ಕೊಡುತ್ತಾರೆ. ಫ್ರೇಮಾಳ ಕಾರ್ಡು ಜೂನ್‌ನಲ್ಲಿ ಮುಗಿದಿತ್ತು. ಅಷ್ಟರೊಳಗೆ ಚಿಕಿತ್ಸಾಲಯದವರು ಅವಳಿಗಾಗಿ ಕೆಲಸದ ವೀಸಾಕ್ಕೆ ಅರ್ಜಿ ಹಾಕಿದ್ದರು. ಅರ್ಜಿಗಳು ಹೆಚ್ಚೆಂದು ಸರಕಾರ ಎತ್ತುವ ಲಾಟರಿಯಲ್ಲಿ ಅವಳ ಹೆಸರೂ ಎದ್ದಿತ್ತು. ಆದರೆ ಆ ವೀಸಾ ಶುರುವಾಗುವುದು ಅಕ್ಟೋಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಹುಡುಗರು ಬೀದಿಗೆ ಬೀಳಬಾರದೆಂದು ಸರಕಾರ ಒಂದು ದಾಕ್ಷಿಣ್ಯ ತೋರಿಸಿದೆ. ಅರ್ಜಿ ಬಾಕಿ ಇರುವವರೆಗೆ ಹಳೆಯ ಅನುಮತಿಯೇ ತಾನಾಗಿ ಮುಂದಕ್ಕೆ ಹೋಗುತ್ತದೆ. ಕಾರ್ಡಿನ ತಾರೀಕು ಸತ್ತಿದ್ದರೂ ಕೆಲಸಕ್ಕೆ ಜೀವವಿರುತ್ತದೆ. ತೀರ್ಮಾನವಾಗುವ ಮೊದಲು ದೇಶ ಬಿಟ್ಟು ಹೊರಗೆ ಕಾಲಿಟ್ಟರೆ ಮಾತ್ರ ಆ ದಾಕ್ಷಿಣ್ಯ ಅಲ್ಲಿಗೇ ಮುಗಿಯಿತು. ಆಮೇಲೆ ಹೊರಗಿನಿಂದಲೇ ವೀಸಾಕ್ಕೆ ಅಲೆಯಬೇಕು, ಅಷ್ಟು ಕಾಲ ಕೆಲಸ ಕೊಟ್ಟವರು ಕಾಯಬೇಕು. ನಮ್ಮ ಚರ್ಚಿನ ಒಬ್ಬ ಹುಡುಗ ಅಪ್ಪನನ್ನು ಮಣ್ಣು ಮಾಡಲು ಹೀಗೆಯೇ ಹೋದ. ಅವನ ಕಂಪನಿ ಕಾಯಲಿಲ್ಲ. ಈಗ ನಮ್ಮ ದೇಶದ ಕುಮಾಸಿಯ ಬಸ್ ನಿಲ್ದಾಣದಲ್ಲಿ ಫೋನಿನ ಕವಚ ಮಾರುತ್ತಾನೆ.

"ಏಳಿ ಆಂಟಿ," ಅಂದಳು ಫ್ರೇಮಾ.

"ಏಳಲ್ಲ."

"ಅವಳು ನನ್ನಮ್ಮ."

"ನನಗೂ ಗೊತ್ತು ಕಣೆ. ನಿನಗಿಂತ ಮೊದ್ಲಿಂದ ಗೊತ್ತು. ನೀನು ಹೀಗೆ ಪೆಟ್ಟಿಗೆ ಎತ್ಕೊಂಡು ಬಂದು ಬಾಗಿಲಲ್ಲಿ ನಿಂತ್ರೆ, ಸತ್ತವಳೇ ಎದ್ದು ಬಂದು ನಿನ್ನ ಕಿವಿ ಹಿಂಡ್ತಾಳೆ."

ಅದು ಬರೀ ಮಾತಾಗಿರಲಿಲ್ಲ. ಹಿಂದಿನ ಭಾನುವಾರವೇ ಆಫ್ರಿಯೆ ಮಗಳಿಗೆ ಫೋನಿನಲ್ಲಿ ಹೇಳಿದ್ದಳು. ನಾನು ಅಲ್ಲೇ ಗೆಣಸು ಸುಲಿಯುತ್ತ ಕೂತಿದ್ದೆ. ಊರ ನೆನಪು ಬಂದು ಮಗಳು ಈಗಲೇ ಬರುತ್ತೇನೆ ಅಂದಿದ್ದಳು, ಅದಕ್ಕೆ ತಾಯಿ ನಕ್ಕು, "ಕಾಗದ ಕೈಗೆ ಬರ್ಲಿ, ಆಮೇಲೆ ಬಾ. ನಾನೇನು ಎಲ್ಲಿಗಾದ್ರೂ ಹೋಗ್ತೀನಾ?" ಅಂದಿದ್ದಳು. ತಮ್ಮಂದಿರಿಬ್ಬರ ಕಾಲೇಜು ಈ ಹುಡುಗಿಯ ಹೆಗಲ ಮೇಲಿತ್ತು. ಅದು ತಾಯಿಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಕೊನೆಗೆ ಫ್ರೇಮಾ ನೆಲದ ಮೇಲೆ ನನ್ನ ಕಾಲಿಗೆ ಒರಗಿ ಕೂತಳು. ನಾನು ಪೆಟ್ಟಿಗೆಯ ಮೇಲಿಂದ ಏಳಲೇ ಇಲ್ಲ.

ಸತ್ತ ವಾರಕ್ಕೆ ಮಾಡುವ ಕಾರ್ಯಕ್ಕೆ ಊರಿನಲ್ಲಿ ಮನೆಯವರೆಲ್ಲ ಸೇರಿದರು. ಹೆಣ ಯಾವಾಗ ಎತ್ತಬೇಕೆಂದು ಗೊತ್ತುಮಾಡುವುದು ಆಗಲೇ. ಇಲ್ಲಿ ನನ್ನ ಮನೆಯಲ್ಲಿ ನಮ್ಮವರು ಕಪ್ಪು ಬಟ್ಟೆ ಉಟ್ಟು ಸೇರಿದರು, ಮೇಜಿನ ಮೇಲೆ ಫೋನು ಇಟ್ಟುಕೊಂಡು. ದ್ವೊಮೊ ಮಾವ ಮನೆತನದ ಹಿರಿಯರು; ಆಫ್ರಿಯೆಯ ದೇಹ ಗಂಡನಿಗೂ ಸೇರಿದ್ದಲ್ಲ, ಮಕ್ಕಳಿಗೂ ಸೇರಿದ್ದಲ್ಲ, ತಾಯಿಯ ಕಡೆಯ ಮನೆತನಕ್ಕೆ ಸೇರಿದ್ದು. ಅವರ ಮಾತೇ ಕೊನೆಯ ಮಾತು.

"ಏನಂತದೆ ನಿಮ್ ಸರ್ಕಾರ?" ಎಂದು ಕೇಳಿದರು.

ಫ್ರೇಮಾ ಬಿಡಿಸಿ ಹೇಳಿದಳು. ಅವರು ಎಲ್ಲ ಕೇಳಿಸಿಕೊಂಡರು.

"ಅಂದ್ರೆ ಕಾರ್ಡು ಮುಗ್ದದೆ, ಆದ್ರೂ ಕೆಲ್ಸ ಮಾಡ್ಬೋದು. ಕೆಲ್ಸ ಮಾಡ್ಬೋದು, ಆದ್ರೆ ಆಚೆಗೋಗಂಗಿಲ್ಲ. ನಮ್ ಆಡಿನ ಕೊರಳಿಗೆ ಹಗ್ಗ ಕಟ್ಟಿ ಮೇಯೋಕೆ ಬಿಡ್ತೀವಲ್ಲ, ಅಂಗಾಯ್ತು."

ಯಾರೋ ಕಿಸಕ್ಕನೆ ನಕ್ಕರು. ಫ್ರೇಮಾಳೂ ಅಳುವಿನ ನಡುವೆಯೇ ಒಂದಿಷ್ಟು ನಕ್ಕಳು.

"ಅಕ್ಟೋಬರ್‌ಗೆ ಆಯ್ತದಾ?"

"ಆಗುತ್ತೆ ಮಾವ. ವಕೀಲರು ಹೇಳಿದ್ದಾರೆ."

"ಸರಿ ಬುಡು. ನಿಮ್ಮವ್ವನ್ನ ಮಡೀಕಂಡಿರ್ತೀವಿ. ಒಬ್ಳೇ ಹೆಣ್ಮಗಳು ನೀನು. ನೀನು ಮೊಕ ನೋಡ್ದೆ ಮಣ್ಣಾಕುದ್ರೆ ನಾಳೆ ಊರವ್ರು ನಮ್ ಮೊಕ ನೋಡ್ತಾರಾ?"

ಮೇಜಿನ ಸುತ್ತ ಕೂತವರೆಲ್ಲ "ಹೌದು, ಹೌದು" ಅಂದರು. ನಾನೂ ಅಂದೆ. ಪರದೇಶದಲ್ಲಿರುವ ಮಕ್ಕಳಿಗಾಗಿ ಸತ್ತವರನ್ನು ಶೀತಲ ಕೋಣೆಯಲ್ಲಿ ಕಾಯಿಸುವುದು ನಮಗೆ ಹೊಸದಲ್ಲ. ನನ್ನ ಗಂಡನ ಅಣ್ಣ ಲಂಡನ್ನಿನ ಮಗನಿಗಾಗಿ ನಾಲ್ಕು ತಿಂಗಳು ಕಾದಿದ್ದ. ಬದುಕಿದ್ದಾಗ ಆ ಮಗ ಅಪ್ಪನಿಗಾಗಿ ನಾಲ್ಕು ನಿಮಿಷ ಕಾದವನಲ್ಲ, ಅದು ಬೇರೆ ಮಾತು. ಕಾಯಿಸುವುದೇ ಗೌರವ, ಅವಸರದಲ್ಲಿ ಹೂಳುವುದು ಅನಾಥ ಹೆಣವನ್ನು ಎಂದು ತಿಳಿದವರು ನಾವು. ಹೀಗಾಗಿ ಅಲ್ಲಿದ್ದವರಿಗೆಲ್ಲ ಆ ತೀರ್ಮಾನ ಪ್ರೀತಿಯದಾಗಿಯೇ ಕಂಡಿತು.

ಸೆಪ್ಟೆಂಬರ್‌ವರೆಗೆ ಫ್ರೇಮಾ ಹೇಗೋ ದಿನ ತಳ್ಳಿದಳು. ಚಿಕಿತ್ಸಾಲಯಕ್ಕೆ ಹೋದಳು, ಬಂದಳು. ಭಾನುವಾರ ಮಾವನಿಗೆ ಫೋನ್ ಮಾಡಿ, "ಅಮ್ಮ ಹೇಗಿದ್ದಾಳೆ?" ಎಂದು ಕೇಳುತ್ತಿದ್ದಳು. ಅವರು, "ಚೆನ್ನಾಗವ್ಳೆ ಕಣವ್ವ, ತಣ್ಣಗೆ ಮಲಗವ್ಳೆ," ಅನ್ನುತ್ತಿದ್ದರು. ಹೊರಗಿನವರು ಕೇಳಿದ್ದರೆ ಆಸ್ಪತ್ರೆಯಲ್ಲಿರುವ ತಾಯಿಯ ವಿಷಯವೆಂದುಕೊಳ್ಳಬೇಕು. ಒಂದು ಶನಿವಾರ ಬಾಸ್ಟನ್ನಿಗೆ ಹೋಗಿ ತಾಯಿಗೆ ಕೊನೆಯಲ್ಲಿ ಉಡಿಸಲು ಬಟ್ಟೆ ತಂದಳು. ಬಿಳಿಯ ಮೇಲೆ ನೀಲಿ ಹಕ್ಕಿಗಳ ಅಚ್ಚು. "ಅಮ್ಮ ಅಂಗಡೀಲಿ ಎಲ್ಲರಿಗೂ ಮಾರಿದ್ಳು, ತಾನು ಮಾತ್ರ ಬಣ್ಣ ಮಾಸಿದ್ದೇ ಉಡ್ತಿದ್ಳು," ಅಂದಳು. ಆ ಬಟ್ಟೆಯನ್ನು ತನ್ನ ಮುಖಕ್ಕೆ ಒತ್ತಿಕೊಂಡಳು. ನೋಡುವುದಕ್ಕೆ ನನ್ನಿಂದಾಗಲಿಲ್ಲ, ಅಡಿಗೆಮನೆಗೆ ಹೋದೆ.

ಅಜ್ಜಿಯದು ಬೇರೆ ಕಥೆ. ಆಫ್ರಿಯೆಯ ತಾಯಿ ಅವಳು, ಹಣ್ಣುಹಣ್ಣು ಮುದುಕಿ. ಮಗಳು ಸತ್ತ ದಿನದಿಂದ ಮಂಚ ಬಿಟ್ಟು ಚಾಪೆಯ ಮೇಲೆ ಮಲಗುತ್ತಿದ್ದಳು. ಮಗಳು ಮಣ್ಣು ಸೇರುವವರೆಗೆ ತನಗೆ ಹಾಸಿಗೆ ಬೇಡವಂತೆ. ಫ್ರೇಮಾ ಫೋನಿನಲ್ಲಿ ಗೋಗರೆದಳು.

"ಅಜ್ಜಿ, ನೆಲ ತಣ್ಣಗಿರುತ್ತೆ. ನನಗೋಸ್ಕರ ಮಂಚದ ಮೇಲೆ ಮಲಗು."

"ನನ್ ಮಗಳು ಕಬ್ಬಿಣದ ಮ್ಯಾಲೆ ಮಲಗವ್ಳೆ. ನಂಗ್ಯಾಕವ್ವ ಹತ್ತಿ ಹಾಸ್ಗೆ?" ಅಂದಳು ಮುದುಕಿ. "ನೀನು ಬಂದ್ಬುಡು. ಇಬ್ರೂ ಒಟ್ಗೆ ಮಂಚ ಹತ್ತುವ."

ಸೆಪ್ಟೆಂಬರ್ ಕೊನೆಯಲ್ಲಿ ವಕೀಲೆಯ ಫೋನು ಬಂತು. ಆ ಕೆಲಸಕ್ಕೆ ಆ ಓದೇ ಬೇಕೆಂಬುದಕ್ಕೆ ಇನ್ನಷ್ಟು ಪುರಾವೆ ಕೊಡಿ ಎಂದು ಸರಕಾರ ಕೇಳಿತ್ತು. ಅದಕ್ಕೆ ಉತ್ತರ ಬರೆಯಬೇಕು, ಅವರು ಓದಬೇಕು, ಆಮೇಲೆ ತೀರ್ಮಾನ. ಅಕ್ಟೋಬರ್‌ಗೆ ಆಗುವುದಿಲ್ಲ. "ಆದರೆ ಗಾಬರಿಯಾಗಬೇಡಿ," ಅಂದಳಂತೆ ವಕೀಲೆ ಖುಷಿಯಿಂದ. "ಮೊದಲಾಗಿದ್ದರೆ ಅಕ್ಟೋಬರ್ ಒಂದಕ್ಕೆ ನಿಮ್ಮ ಕೆಲಸ ನಿಲ್ಲಿಸಬೇಕಾಗುತ್ತಿತ್ತು. ಈಗ ನಿಯಮ ಬದಲಾಗಿದೆ. ಅರ್ಜಿ ಬಾಕಿ ಇದ್ದರೂ ಏಪ್ರಿಲ್‌ವರೆಗೆ ನೀವು ಕೆಲಸ ಮಾಡಬಹುದು."

ಚಿಕಿತ್ಸಾಲಯದಲ್ಲಿ ಎಲ್ಲರಿಗೂ ಸಂತೋಷವೋ ಸಂತೋಷ. ಮಧ್ಯಾಹ್ನ ಕೇಕ್ ತರಿಸಿದ್ದರು, ಮೇಲೆ ಸಕ್ಕರೆಯಲ್ಲಿ 'ಏಪ್ರಿಲ್‌ವರೆಗೆ ನಮ್ಮವಳು' ಎಂದು ಬರೆಸಿದ್ದರು. ಫ್ರೇಮಾ ಒಂದು ತುಂಡು ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತಂದಳು, ನನ್ನ ಮೇಜಿನ ಮೇಲಿಟ್ಟಳು.

"ತಿನ್ನಿ ಆಂಟಿ."

"ನೀನು ತಿಂದ್ಯಾ?"

"ತಿಂದೆ. ಎಲ್ಲರೂ ನೋಡ್ತಿದ್ರು. ಏನು ಮಾಡ್ಲಿ?"

ಬೇಗ ತೀರ್ಮಾನ ಬೇಕಾದವರಿಗೆ ಬೇರೆ ಶುಲ್ಕ ಕಟ್ಟುವ ದಾರಿಯೊಂದಿದೆ. ಅದನ್ನು ಮಾಡಿಸಿ ಎಂದು ಅವಳು ಆಡಳಿತದ ಹೆಂಗಸನ್ನು ಕೇಳಿಕೊಂಡಿದ್ದಳು.

"ಏನಂದ್ಳು?" ಅಂದೆ.

"ಏಪ್ರಿಲ್‌ವರೆಗೆ ಕೆಲಸ ಮಾಡೋಕೆ ಅನುಮತಿ ಇದೆಯಲ್ಲ, ಅವಸರ ಯಾಕೆ ಅಂದ್ಳು. ನಾನೇ ಕಟ್ತೀನಿ ಅಂದೆ. ಅದು ನಮ್ಮ ಪದ್ಧತಿ ಅಲ್ಲ ಅಂದ್ಳು. ಒಳ್ಳೆಯವಳೇ ಆಂಟಿ. ನನ್ನ ಭುಜ ತಟ್ಟಿದ್ಳು."

"ಅವಳ ಒಳ್ಳೇತನಕ್ಕೆ ಬೆಂಕಿ ಬೀಳ. ನಿಮ್ಮಮ್ಮನ ವಿಷಯ ಹೇಳಿದ್ಯಾ?"

"ಹೇಳಿದೆ. ಜುಲೈನಲ್ಲಿ ತೀರಿಹೋದ್ರು ಅಂತ ಅವಳಿಗೆ ಗೊತ್ತು. ಇನ್ನೂ ಮಣ್ಣು ಮಾಡಿಲ್ಲ ಅಂದ್ರೆ ನಂಬಲಿಲ್ಲ. ಒಂಥರಾ ನೋಡಿದ್ಳು. ಆಮೇಲೆ ನಾನು ಸುಮ್ಮನಾದೆ."

ಕೆಲಸ ಉಳಿಸಲೆಂದು ಮಾಡಿದ ನಿಯಮ, ಕೆಲಸವನ್ನೇನೋ ಉಳಿಸಿತ್ತು. ಅದು ಇಲ್ಲದಿದ್ದರೆ ಅವಳು ಅಕ್ಟೋಬರ್‌ನಲ್ಲಿ ಕೈ ಖಾಲಿಯಾಗಿ ಕೂರುತ್ತಿದ್ದಳು, ಚಿಕಿತ್ಸಾಲಯದವರೇ ಓಡಾಡಿ ಬೇಗ ಮಾಡಿಸುತ್ತಿದ್ದರು. ಅನುಮತಿ ಉದ್ದವಾದಷ್ಟೂ ಅವಳ ಪಾಲಿನ ಅವಸರ ಯಾರಿಗೂ ಕಾಣದೆ ಹೋಯಿತು. ಯಾರನ್ನು ಬೈಯಬೇಕೆಂದು ತಿಳಿಯದೆ ನಾನು ಆ ಕೇಕನ್ನು ಕಸದ ಡಬ್ಬಿಗೆ ಎಸೆದೆ.

ಮಾವನಿಗೆ ಹೇಳುವ ಕೆಲಸ ಅವಳೇ ಮಾಡಿದಳು. ನಾನು ಪಕ್ಕದಲ್ಲಿದ್ದೆ.

"ಮಾವ, ಇನ್ನೊಂದು ಸ್ವಲ್ಪ ಇಟ್ಕೊಳ್ಳಿ ಅಮ್ಮನ್ನ."

ಆ ಕಡೆ ಹಿನ್ನೆಲೆಯಲ್ಲಿ ಯಾವುದೋ ಕೋಳಿ ಕೂಗುತ್ತಿತ್ತು.

"ಎಷ್ಟಂತ?"

"ಹೆಚ್ಚಂದ್ರೆ ಏಪ್ರಿಲ್. ಅಷ್ಟರೊಳಗೆ ಬಂದೇ ಬರುತ್ತೆ."

"ಸರ್ಕಾರ ನಿಂಗೆ ಗಡುವು ಕೊಡ್ತು. ನೀನು ನಿಮ್ಮವ್ವಂಗೆ ಗಡುವು ಕೊಡ್ತಿದ್ದೀಯ," ಅಂದರು. ಬೇಸರದ ಮಾತು, ಬೇಕೆಂದು ಚುಚ್ಚಿದ್ದಲ್ಲ. ಫ್ರೇಮಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾನು ಮುಖ ನೋಡಬೇಕು ಮಾವ. ಒಂದೇ ಒಂದು ಸಲ. ನನಗೆ ಇನ್ನೇನೂ ಬೇಡ."

"ಆಯ್ತು ಬುಡವ್ವ. ಅಳಬ್ಯಾಡ."

ನವೆಂಬರ್‌ನಲ್ಲಿ ಉತ್ತರ ಕಳಿಸಿದ್ದಾಯಿತು. ಡಿಸೆಂಬರ್‌ನಲ್ಲಿ ಮರಳುಗಾಡಿನ ಒಣಗಾಳಿ ಊರಿಗೆ ಇಳಿಯಿತು. ಅಜ್ಜಿಗೆ ಕೆಮ್ಮು ಹಿಡಿಯಿತು. ಚಾಪೆ ಬಿಡಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ದ್ವೊಮೊ ಮಾವ ನನಗೇ ಫೋನ್ ಮಾಡಿದರು, ಫ್ರೇಮಾಳಿಗಲ್ಲ.

"ಕೊನಾಡು, ನಾನು ಆ ಮಗೀಗೆ ಹೇಳಾರೆ. ಮುದುಕಿ ರಕ್ತ ಕೆಮ್ತಾವ್ಳೆ. ಡಾಕ್ಟ್ರು ಮಂಚ ಹತ್ತು ಅಂದ್ರೆ ಮೊಕ ತಿರುಗಿಸ್ತಾಳೆ. ಹಿಂಗೇ ಬುಟ್ರೆ ಒಂದು ಹೆಣಕ್ಕೆ ಎರಡು ಹೆಣ ಆಯ್ತವೆ. ಮನೆತನದವ್ರೆಲ್ಲ ನನ್ ಮ್ಯಾಲೆ ಬಿದ್ದವ್ರೆ. ನೀನೇ ಹೇಳು."

ಫ್ರೇಮಾ ನನ್ನೆದುರಿಗೇ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದಳು. ಎಲ್ಲ ಕೇಳಿಸಿತ್ತು. ಚಾಕು ಕೆಳಗಿಟ್ಟು ಫೋನಿನಲ್ಲಿ ವಿಮಾನದ ಟಿಕೆಟ್ಟು ಹುಡುಕತೊಡಗಿದಳು. ನಾನು ಈ ಸಲ ತಡೆಯಲಿಲ್ಲ. ಆದರೆ ಮರುದಿನ ವಕೀಲೆ ತಡೆದಳು. ಉತ್ತರ ಅವರ ಕೈ ಸೇರಿದೆ, ತೀರ್ಮಾನ ಇಂದು ಬರಬಹುದು, ನಾಳೆ ಬರಬಹುದು, ಈಗ ಹೋದರೆ ಇಷ್ಟು ತಿಂಗಳು ಕಾದದ್ದೆಲ್ಲ ನೀರುಪಾಲು, ಅಂದಳು. ಅದೊಂದು ಮಾತು ಹುಡುಗಿಯನ್ನು ಕಟ್ಟಿಹಾಕಿತು. ತಾನು ಕಾದದ್ದಿರಲಿ, ತಾಯಿ ಕಾದದ್ದೂ ನೀರುಪಾಲಾದರೆ?

ಎರಡು ದಿನ ಅವಳು ನನ್ನ ಬಾಗಿಲು ಮೂಸಲಿಲ್ಲ. ಮೂರನೆಯ ದಿನ ಬಂದು, ಕೋಟು ಕೂಡ ಬಿಚ್ಚದೆ ಕೂತಳು.

"ಮಣ್ಣು ಮಾಡಿ ಅಂತ ಹೇಳಿಬಿಡಿ ಆಂಟಿ," ಅಂದಳು. "ಅಜ್ಜಿ ಮಂಚ ಹತ್ತಲಿ."

"ನೀನು?"

"ನಾನು ಇಲ್ಲೇ ಇರ್ತೀನಿ. ನೀವು ಹೋಗಿ. ಆ ಬಟ್ಟೆ ತಗೊಂಡು ಹೋಗಿ, ನೀವೇ ಉಡಿಸಿ. ಆಮೇಲೆ ಫೋನ್ ಹಿಡಿಯಿರಿ. ಫೋನಲ್ಲಾದ್ರೂ ಮುಖ ನೋಡ್ತೀನಿ. ನೋಡಿದ ಹಾಗೇ ಅಲ್ವಾ?"

"ನೋಡಿದ ಹಾಗೇ," ಅಂದೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ನನ್ನ ಹತ್ತಿರ ಇಲ್ಲಿಯ ಪೌರತ್ವದ ಪಾಸ್‌ಪೋರ್ಟ್ ಇದೆ, ನಾನು ಯಾವಾಗ ಬೇಕಾದರೂ ಹೋಗಬಹುದು, ಬರಬಹುದು. ಹೋಗಬೇಕಾದವಳು ಕೋಟು ಹಾಕಿಕೊಂಡು ನನ್ನೆದುರು ಕೂತಿದ್ದಳು. ನನಗೆ ನನ್ನ ಪಾಸ್‌ಪೋರ್ಟಿನ ಮೇಲೂ ಸಿಟ್ಟು ಬಂತು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಮಾಂಪಾಂಗ್‌ನ ಶವಾಗಾರದ ಮುಂದೆ ಊರಿಗೆ ಊರೇ ಕಪ್ಪು ಕೆಂಪು ಬಟ್ಟೆಯುಟ್ಟು ನೆರೆದಿತ್ತು. ಹೊರಗೆ ಕುರ್ಚಿಗಳು, ಚಪ್ಪರ, ಡೋಲು. ಅಜ್ಜಿಯನ್ನು ಇಬ್ಬರು ಮೊಮ್ಮಕ್ಕಳು ಹಿಡಿದು ತಂದು ಕೂರಿಸಿದ್ದರು. ನಾನು ಹಕ್ಕಿಗಳ ಬಟ್ಟೆಯನ್ನು ಎದೆಗವಚಿಕೊಂಡು ಮನೆತನದ ಮುದುಕಿಯರ ಜೊತೆ ಒಳಗೆ ಹೋದೆ. ತೊಳೆದು, ಉಡಿಸಿ, ಮಂಚದ ಮೇಲೆ ಮಲಗಿಸಿ ಜನರಿಗೆ ತೋರಿಸುವ ಮೊದಲು ಹೆಂಗಸರಿಗಷ್ಟೇ ಅಲ್ಲಿ ಪ್ರವೇಶ.

ಹೊದಿಕೆ ಸರಿಸಿದರು. ನಾನು, "ಇವಳಲ್ಲ, ಆಫ್ರಿಯೆ ಎಲ್ಲಿ?" ಎನ್ನುವುದರಲ್ಲಿದ್ದೆ. ಬಾಯಿ ತೆರೆದೂ ಇದ್ದೆ. ಮುಖ ಸುಟ್ಟ ಹಾಗೆ ಕಪ್ಪಾಗಿತ್ತು. ಕೆನ್ನೆ ಒಳಗೆ ಹೋಗಿ, ಹಲ್ಲು ಮುಂದೆ ಬಂದು, ಮೂಗು ಒಂದು ಕಡೆಗೆ ವಾಲಿತ್ತು. ನನ್ನ ಆಫ್ರಿಯೆಯದು ದುಂಡು ಮುಖ, ನಗದೆ ಇದ್ದಾಗಲೂ ನಗುತ್ತಿದ್ದಾಳೆಂದು ಮೇಷ್ಟ್ರ ಹತ್ತಿರ ಏಟು ತಿನ್ನುತ್ತಿದ್ದ ಮುಖ.

"ಆರು ತಿಂಗ್ಳಾಯ್ತಲ್ಲವ್ವ," ಅಂದಳು ಒಬ್ಬ ಮುದುಕಿ ಮೆಲ್ಲಗೆ. "ಕರೆಂಟು ಓಯ್ತದೆ, ಬತ್ತದೆ. ಇನ್ನೇನ್ ಉಳೀತದೆ?"

"ದ್ವೊಮೊ ಮಾವಂಗೆ ಗೊತ್ತಾ?"

"ಗಂಡಸ್ರು ಒಳೀಕ್ ಬತ್ತಾರಾ? ಅವ್ರು ಬೀಗ ಹಾಕೋನ್ನ ಕೇಳ್ತಾರೆ, ಅವ್ನು ಚೆನ್ನಾಗವ್ಳೆ ಅಂತಾನೆ."

ನಾವು ಮಾಡುವುದನ್ನೆಲ್ಲ ಮಾಡಿದೆವು. ಕ್ರೀಮು, ಪೌಡರು, ಹೊಸ ಕೂದಲು, ಕಿವಿಗೆ ಚಿನ್ನ. ಬಟ್ಟೆಯನ್ನು ನಾನೇ ಉಡಿಸಿದೆ. ನೆರಿಗೆ ಎರಡು ಸಲ ಜಾರಿತು. ಅಲಂಕಾರ ಹೆಚ್ಚಿದಷ್ಟೂ ಆ ಮುಖ ಇನ್ನೂ ಯಾರದೋ ಆಗುತ್ತ ಹೋಯಿತು. ಅಷ್ಟರಲ್ಲಿ ಅಜ್ಜಿಯನ್ನು ಒಳಗೆ ಕರೆತಂದರು. ಅವಳ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿವೆ. ಮಂಚದ ಪಕ್ಕ ಕೂತು ಮಗಳ ಕೈ ಸವರುತ್ತ ಗುಣುಗುಣು ಮಾತಾಡತೊಡಗಿದಳು.

ನನ್ನ ಫೋನು ಅಲುಗಿತು. ವುಸ್ಟರ್‌ನಲ್ಲಿ, ನನ್ನದೇ ಕೋಣೆಯಲ್ಲಿ, ಫ್ರೇಮಾ ಕಪ್ಪು ಬಟ್ಟೆಯುಟ್ಟು ಕೂತಿದ್ದಳು. ಚರ್ಚಿನ ಇಬ್ಬರು ಹೆಂಗಸರು ಎರಡೂ ಕಡೆ ಅವಳ ತೋಳು ಹಿಡಿದಿದ್ದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಒಂದು ಬೆಳಕು ಕಂಡೆ. ತಾಯಿಯನ್ನು ನೋಡುವ ಮಗಳ ಆಸೆ ಅದು.

"ತಿರುಗಿಸಿ ಆಂಟಿ."

"ಫ್ರೇಮಾ, ಬೇಡ ಕಣೆ. ಅಜ್ಜಿ ಜೊತೆ ಮಾತಾಡು. ಕೈ ತೋರಿಸ್ತೀನಿ, ಬಟ್ಟೆ ತೋರಿಸ್ತೀನಿ, ತುಂಬಾ ಚೆನ್ನಾಗಿ ಒಪ್ಪಿದೆ."

"ಆಂಟಿ, ಇದಕ್ಕೇ ಅಲ್ವಾ ಅಮ್ಮ ಕಾದಿದ್ದು?"

ಫೋನು ತಿರುಗಿಸಿದೆ.

ಅವಳು ನೋಡಿದಳು. ಕಣ್ಣು ಅತ್ತ ಇತ್ತ ಹುಡುಕಿತು.

"ಆಂಟಿ, ಇದು ಬೇರೆ ಯಾರೋ," ಅಂದಳು. ದನಿಯಲ್ಲಿ ದುಃಖವೇ ಇರಲಿಲ್ಲ, ಸ್ವಲ್ಪ ಅವಸರವಿತ್ತು. "ಪಾಪ, ಯಾರೋ ಬೇರೆಯವರು. ಅಮ್ಮನ ಕಡೆ ಹಿಡೀರಿ."

ನಾನು ಫೋನು ಅಲ್ಲಾಡಿಸಲಿಲ್ಲ.

"ಆಂಟಿ, ಬೇಗ. ನೆಟ್‌ವರ್ಕ್ ಹೋಗಿಬಿಡುತ್ತೆ. ಅಮ್ಮನ ಕಡೆ ಹಿಡೀರಿ."

"ಇವಳೇ ಕಣೆ," ಅಂದೆ.

ಅವಳು ಮತ್ತೆ ನೋಡಿದಳು. ನಿಧಾನವಾಗಿ ಕೆಳಗೆ ಇಳಿಯುತ್ತ ಬಟ್ಟೆಯ ಮೇಲಿನ ಹಕ್ಕಿಗಳನ್ನು ಗುರುತು ಹಿಡಿದಳು. ತೋಳು ಹಿಡಿದಿದ್ದ ಹೆಂಗಸರು ಇನ್ನಷ್ಟು ಬಿಗಿಯಾಗಿ ಹಿಡಿದರು. ಅವಳು ಕೂಗಲಿಲ್ಲ, ಬೀಳಲೂ ಇಲ್ಲ.

"ಅಜ್ಜಿ," ಅಂದಳು.

"ಹೂಂ, ಮಗಾ. ಇಲ್ಲೇ ಇವ್ನಿ."

"ಅಜ್ಜಿ, ಅವತ್ತು, ಜುಲೈನಲ್ಲಿ, ಅಮ್ಮನ ಮುಖ ಹೇಗಿತ್ತು?"

ಮುದುಕಿಗೆ ಏನೂ ಕಾಣದು, ಏನೂ ತಿಳಿಯದು. ಮೊಮ್ಮಗಳಿಗೆ ಸಮಾಧಾನವಾಗಲಿ ಎಂದೇ ಹೇಳಿದಳು.

"ಅಯ್ಯೋ ಮಗಾ, ಏನ್ ಚೆಂದಾಗಿತ್ತು ಅಂತೀಯ. ನನ್ ಕೈಯಲ್ಲೇ ಸವರಿ ನೋಡಿದ್ನಲ್ಲ. ಈಗ್ಲೇ ಮಲಗ್ದೋಳಂಗೆ ಬೆಚ್ಚಗಿದ್ಲು. ಕೆನ್ನೆ ದುಂಡಗೆ ಹಂಗೇ ಇತ್ತು. ನೀನು ನೋಡ್ಬೇಕಿತ್ತು."

"ಹೌದಾ ಅಜ್ಜಿ," ಅಂದಳು ಫ್ರೇಮಾ. ಆಮೇಲೆ, "ಆಗ್ಲೇ ಕಳಿಸಿದ್ರೆ ಅವಳು ಅವಳ ಹಾಗೇ ಹೋಗ್ತಿದ್ಳು. ನಾನೇ ಅಲ್ವಾ ಇಟ್ಕೊಳ್ಳಿ ಅಂದಿದ್ದು," ಅಂದಳು.

ಅದು ಅಜ್ಜಿಗೆ ಹೇಳಿದ್ದಲ್ಲ, ನನಗೂ ಅಲ್ಲ. ಇಲ್ಲ ಕಣೆ, ನಾವೆಲ್ಲರೂ ಅಂದಿದ್ದು, ನಾನೂ ಅಂದಿದ್ದೆ, ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಮುಚ್ಚಿಬಿಡಿ ಎಂದು ಕೈಸನ್ನೆ ಮಾಡಿದಳು. ಹೊರಗೆ ಡೋಲು ಶುರುವಾಯಿತು, ಜನ ಒಳಗೆ ಬಂದರು, ಆಫ್ರಿಯೆಯನ್ನು ಎತ್ತಿಕೊಂಡು ಹೋದರು.

ಆ ಸಂಜೆ ಅಜ್ಜಿ ಮಂಚ ಹತ್ತಿದಳು. ಫ್ರೇಮಾ ಸೋಮವಾರ ಎದ್ದು ಚಿಕಿತ್ಸಾಲಯಕ್ಕೆ ಹೋದಳಂತೆ. ಏಪ್ರಿಲ್‌ವರೆಗೆ ಹೋಗಲು ಅವಳಿಗೆ ಅನುಮತಿಯಿತ್ತು.